ಜೈಲ್ ಗೇಟಿನಿಂದ ಬಸ್ ಸ್ಟ್ಯಾಂಡಿನವರೆಗೆ: ನನ್ನ ಅನುಭವ

ನಮ್ಮೂರ ಜೈಲಿನ ಗೇಟಿನಿಂದ ಬಸ್ ಸ್ಟ್ಯಾಂಡಿಗೆ ಅರ್ಧ ಕಿಲೋಮೀಟರ್ ಇರಬಹುದು. ನಡುವೆ ಎರಡು ಬಾರು, ಒಂದು ವೈನ್ ಶಾಪ್. ಕೈದಿಗಳ ಕುಡಿತ, ಮಾತ್ರೆ ಚಟ ಬಿಡಿಸೋಕೆ ಡಾಕ್ಟರಾಗಿ ಒಳಗೆ ನಾನು ವರ್ಷಗಟ್ಟಲೆ ಮಾಡಿದ ಕೆಲಸವನ್ನೆಲ್ಲ ಈ ಅರ್ಧ ಕಿಲೋಮೀಟರ್ ನುಂಗಿಹಾಕುತ್ತಿತ್ತು.

ಹಿಂದೆ ಒಂದು ಮೀಟಿಂಗಿನಲ್ಲಿ, ಹಳೇ ಕೈದಿಗಳನ್ನೇ ಈ ಕೆಲಸಕ್ಕೆ ಸೇರಿಸಿಕೊಳ್ಳುವ ನನ್ನ ಪ್ಲಾನ್ ಹೇಳಿದಾಗ ಹಿರಿಯ ಸೈಕಿಯಾಟ್ರಿಸ್ಟ್ ಒಬ್ಬರು ನಕ್ಕಿದ್ದರು. "ಕಳ್ಳನ ಕೈಗೆ ಬೀಗದ ಕೈ ಕೊಡ್ತೀನಿ ಅಂತೀರಲ್ಲ ಡಾಕ್ಟ್ರೇ" ಅಂದಿದ್ದರು. ಮೊನ್ನೆ ಅವರೇ ಫೋನ್ ಮಾಡಿ "ಹೇಗೆ ಮಾಡಿದ್ರಿ, ಬರೆದು ಕಳಿಸಿ" ಅಂದರು. ಅದಕ್ಕೇ ಈ ಬರಹ. ಜೈಲ್ ವಿಸಿಟ್ ಮಾಡುವ ಡಾಕ್ಟರುಗಳಿಗೆ ಡೋಸ್ ಲೆಕ್ಕ ನಾನು ಹೇಳಿಕೊಡಬೇಕಾಗಿಲ್ಲ. ಎಲ್ಲೆಲ್ಲಿ ಎಡವಿದೆ ಅನ್ನೋದನ್ನು ಹೇಳುತ್ತೇನೆ.

ಮೊದಲ ತಪ್ಪು ನನ್ನ ಗುರುವಾರದ್ದು. ವಾರಕ್ಕೊಂದು ದಿನ ಹೋಗಿ, ಸಾಲಾಗಿ ಕೂತವರನ್ನು ನೋಡಿ ಬರುತ್ತಿದ್ದೆ. ದಿನಾ ಕುಡಿಯುವವನು ಶುಕ್ರವಾರ ಅರೆಸ್ಟ್ ಆಗಿ ಬಂದರೆ, ಕುಡಿತ ತಪ್ಪಿ ಭಾನುವಾರ ರಾತ್ರಿ ಕೈ ನಡುಗುತ್ತೆ, ಬೆವರುತ್ತೆ, ಗೋಡೆ ಮೇಲೆ ಇರುವೆ ಸಾಲು ಕಾಣುತ್ತೆ. ಗುರುವಾರದ ಹೊತ್ತಿಗೆ ಅವನು ಒಂದೋ ಸರಿಯಾಗಿರುತ್ತಾನೆ, ಇಲ್ಲ ಜಿಲ್ಲಾ ಆಸ್ಪತ್ರೆಯಲ್ಲಿರುತ್ತಾನೆ. ವಾರ್ಡರ್‌ಗಳು "ಆಸ್ಪತ್ರೆಗೆ ಹೋಗೋಕೆ ನಾಟಕ ಸರ್" ಅನ್ನುತ್ತಿದ್ದರು. ಒಬ್ಬನಿಗೆ ಫಿಟ್ಸ್ ಬಂದು ಶೌಚಾಲಯದ ಮೆಟ್ಟಿಲಿಗೆ ತಲೆ ಬಡಿಯಿತು. ಏಳೋ ಎಂಟೋ ಹೊಲಿಗೆ. ಆಮೇಲೆ ಯಾರೂ ನಾಟಕ ಅನ್ನಲಿಲ್ಲ.

ಅವತ್ತಿನಿಂದ ಹೊಸಬರಿಗೆ ಮೊದಲ ರಾತ್ರಿಯೇ ಒಂದು ಪ್ರಶ್ನೆ. "ಕುಡೀತೀರಾ?" ಅಂತ ಅಲ್ಲ. ಹಾಗೆ ಕೇಳಿದರೆ ಕೇಸಿಗೆ ಸೇರಿಸಿಬಿಡುತ್ತಾರೆ ಅಂತ ಎಲ್ಲರೂ ಇಲ್ಲ ಅನ್ನುತ್ತಾರೆ. "ಕೊನೇ ಸಲ ಎಷ್ಟು ಗಂಟೆಗೆ ಕುಡಿದೆ?" ಅಂತ ಕೇಳಬೇಕು. ಕೇಳೋದು ವಾರ್ಡರ್ ಅಲ್ಲ, ಊಟ ಬಡಿಸುವ ಹಳೇ ಕೈದಿ. ಅವನು ಮುದ್ದೆ ಹಾಕುವಾಗ ತಟ್ಟೆ ನಡುಗುತ್ತಾ ನೋಡುತ್ತಾನೆ. ಅವನು ಕೇಳುವ ಎರಡನೇ ಪ್ರಶ್ನೆಯೊಂದಿದೆ, ಅದನ್ನಿಲ್ಲಿ ಬರೆಯಲ್ಲ. ಹೊರಗೆ ಹಬ್ಬಿದರೆ ಅದು ಕೆಲಸಕ್ಕೆ ಬರಲ್ಲ. ಉತ್ತರ ನೋಡಿ ಫಾರ್ಮಸಿಸ್ಟ್ ನನಗೆ ಫೋನ್ ಮಾಡುತ್ತಾರೆ, ಕುಡಿತ ತಪ್ಪಿದಾಗಿನ ನಡುಕ, ಫಿಟ್ಸ್ ತಡೆಯುವ ಕ್ಲೋರ್‌ಡಯಾಜೆಪಾಕ್ಸೈಡ್ ಅದೇ ರಾತ್ರಿ ಶುರು. ಥಯಾಮಿನ್ (ವಿಟಮಿನ್ ಬಿ1) ಕೊಡದೆ ಗ್ಲೂಕೋಸ್ ಬಾಟಲಿ ಏರಿಸುವ ಚಟ ಬಿಡಿಸೋಕೆ ಮಾತ್ರ ಆರು ತಿಂಗಳು ಜಗಳ ಆಡಿದ್ದೇನೆ.

ಕುಡಿತದವರು ಸುಲಭ. ತಲೆ ತಿಂದದ್ದು ಟಪೆಂಟಡಾಲ್ ಅನ್ನೋ ನಶೆ ಏರಿಸುವ ನೋವಿನ ಮಾತ್ರೆಯ ಹುಡುಗರು. ಮಾತ್ರೆ ಪುಡಿ ಮಾಡಿ, ನೀರಲ್ಲಿ ಕಲಸಿ ನರಕ್ಕೆ ಚುಚ್ಚಿಕೊಂಡವರು. ತೋಳಿನ ಮೇಲೆ ಕಪ್ಪು ಗೆರೆ. ಅವರಿಗೆ ಬ್ಯುಪ್ರೆನಾರ್ಫಿನ್, ಅಂದರೆ ಆ ಚಟಕ್ಕೆ ಬದಲಿಯಾಗಿ ನಾಲಿಗೆ ಕೆಳಗೆ ಇಡುವ ಮಾತ್ರೆ, ಶುರು ಮಾಡಿದ ಮೊದಲ ತಿಂಗಳು ನನ್ನ ಮಾನ ಹೋಯಿತು. ನಾಲಿಗೆ ಕೆಳಗೆ ಇಟ್ಟುಕೊಂಡ ಹಾಗೆ ಮಾಡಿ, ಬ್ಯಾರಕ್ಕಿಗೆ ಹೋಗಿ ಉಗುಳಿ, ಒಣಗಿಸಿ ಮಾರುತ್ತಿದ್ದರು. ಅರ್ಧ ಮಾತ್ರೆಗೆ ಒಂದು ಕಟ್ಟು ಬೀಡಿ. ಸೂಪರಿಂಟೆಂಡೆಂಟ್ ಕರೆಸಿ, "ನೀವು ಚಿಕಿತ್ಸೆ ಕೊಡ್ತಿದ್ದೀರೋ, ಅಂಗಡಿ ಇಟ್ಟಿದ್ದೀರೋ?" ಅಂದರು. ಉತ್ತರ ಇರಲಿಲ್ಲ.

ಈಗ ಪುಡಿ ಮಾಡಿಯೇ ಕೊಡುತ್ತೇವೆ. ಐದೈದು ಜನ, ಬೆಂಚಿನ ಮೇಲೆ, ಕೈ ಮೊಣಕಾಲ ಮೇಲೆ, ಹತ್ತು ನಿಮಿಷ ಮಾತಿಲ್ಲ. ಆಮೇಲೆ ನೀರು, ಬಾಯಿ ತೆರೆದು ತೋರಿಸೋದು. ಇನ್ನೊಂದು ಚೆಕ್ ಇದೆ. ಅದು ಬೇಕಾದವರು ಬಂದು ನೋಡಿ ಹೋಗಿ.

ನಾಲ್ಟ್ರೆಕ್ಸೋನ್ ವಿಷಯದಲ್ಲೂ ಕೈ ಸುಟ್ಟುಕೊಂಡೆ. ಇಂಥ ಮಾತ್ರೆಗಳ ನಶೆ ಏರದಂತೆ ತಡೆಯುವ ಔಷಧ ಅದು, ಅವು ಮೈಯಲ್ಲಿ ಇನ್ನೂ ಇದ್ದರೆ ತಿರುಗಿಬೀಳುತ್ತೆ. ಮೂರು ತಿಂಗಳು ಒಳಗಿದ್ದ ಹುಡುಗ, ಶುದ್ಧವಾಗಿರುತ್ತಾನೆ ಅಂತ ನಂಬಿ ಕೊಟ್ಟೆ. ಒಂದು ಗಂಟೆಯೊಳಗೆ ವಾಂತಿ, ಭೇದಿ, ಮೈಯೆಲ್ಲ ಮುಳ್ಳು. ಒಳಗೇ ಮಾತ್ರೆ ಸಿಗುತ್ತಿತ್ತು ಅಂತ ಹಾಗೆ ಗೊತ್ತಾಯಿತು. ಯಾರು ತಂದುಕೊಟ್ಟರು ಅಂತ ನಾನು ಕೇಳಲಿಲ್ಲ. ಜೈಲರ್‌ಗೆ ಸಿಟ್ಟು ಬಂತು. ಬರಲಿ. ನಾನು ಕೇಳಿದ್ದಿದ್ದರೆ ಮರುವಾರದಿಂದ ಒಬ್ಬನೂ ನನ್ನ ಹತ್ತಿರ ನಿಜ ಹೇಳುತ್ತಿರಲಿಲ್ಲ. ಈಗ ಮೂತ್ರ ಪರೀಕ್ಷೆ ಇಲ್ಲದೆ ನಾಲ್ಟ್ರೆಕ್ಸೋನ್ ಮುಟ್ಟಲ್ಲ.

ಇಷ್ಟೆಲ್ಲ ಆದಮೇಲೂ ಗೇಟು ಬಾಕಿ ಇತ್ತು. ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ವಯಸ್ಸಿನ ಹುಡುಗ. ಒಳಗೆ ಚೆನ್ನಾಗಿದ್ದ, ತೂಕ ಹೆಚ್ಚಿತ್ತು, ನಾನೇ ಹೊಗಳಿದ್ದೆ. ಜಾಮೀನು ಸಿಕ್ಕಿ ಹೊರಗೆ ಹೋದ ಮೂರನೇ ದಿನ ಹಳೇ ಲೆಕ್ಕದಲ್ಲೇ ಚುಚ್ಚಿಕೊಂಡ. ಮೈ ಆ ಡೋಸ್ ಮರೆತಿತ್ತು. ಬಿಡುಗಡೆಯಾದ ಮೊದಲ ಎರಡು ವಾರ ಓವರ್‌ಡೋಸ್ ಅಪಾಯ ಎಲ್ಲಕ್ಕಿಂತ ಜಾಸ್ತಿ ಅಂತ ನಮಗೆಲ್ಲ ಗೊತ್ತು. ಅವನಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಆಗ ಗೇಟಿನ ಹತ್ತಿರ ನಾಲ್ಕು ಸಂಜೆ ಸುಮ್ನೆ ನಿಂತು ನೋಡಿದೆ. ಕೋರ್ಟ್ ಆರ್ಡರ್ ಬರೋದು ಐದು, ಆರು ಗಂಟೆಗೆ. ಬಿಡೋದು ಏಳೂವರೆ, ಎಂಟಕ್ಕೆ. ಡಾಕ್ಟರ್ ಇಲ್ಲ, ಫಾರ್ಮಸಿ ಬೀಗ. ಬಸ್ಸಿಗೆ ದುಡ್ಡಿಲ್ಲ, ಮೊಬೈಲಿನಲ್ಲಿ ಚಾರ್ಜ್ ಇಲ್ಲ. ಕರೆದುಕೊಂಡು ಹೋಗೋಕೆ ಬರುವವರು ಹಳೇ ಗೆಳೆಯರು. ಜಾಮೀನು ಸಿಕ್ಕ ಖುಷಿಗೆ ಪಾರ್ಟಿ.

ಈಗ ಜಾಮೀನು ಅರ್ಜಿ ಹಾಕಿದವರ ಪಟ್ಟಿ ಕಾನೂನು ಸೇವಾ ಪ್ರಾಧಿಕಾರದ ವಕೀಲರಿಂದ ಮೊದಲೇ ತರಿಸಿಕೊಳ್ಳುತ್ತೇನೆ. ಬಿಡುಗಡೆಯಾಗುವವನು ಒಪ್ಪಿದರೆ ಅವನ ಹೆಸರು ಬರೆದ ಕವರ್ ಗೇಟ್ ಆಫೀಸಿನಲ್ಲಿ ರೆಡಿ. ಒಳಗೆ ಐದು ದಿನದ ಮಾತ್ರೆ, ನೂರು ರೂಪಾಯಿ, ಚೀಟಿ. ಬ್ಯುಪ್ರೆನಾರ್ಫಿನ್ ಕವರಿನಲ್ಲಿ ಇಡಲ್ಲ, ಮಾರನೇ ಬೆಳಿಗ್ಗೆ ಚಿಕಿತ್ಸೆಯ ಸೆಂಟರಿಗೇ ಬರಬೇಕು. ಕುಡಿದರೆ ಮೈಗೆ ಆಗದಂತೆ ಮಾಡುವ ಡೈಸಲ್ಫಿರಾಮ್ ಮಾತ್ರೆ ಕೂಡ ಇಡಲ್ಲ. ಅವತ್ತೇ ರಾತ್ರಿ ಕುಡಿದರೆ ಯಾರು ನೋಡುತ್ತಾರೆ? ಅವ್ವನಿಗೋ ಹೆಂಡತಿಗೋ ಗೇಟಿನಿಂದಲೇ ಫೋನ್.

ಇನ್ನು ಆಟೋ. ನನ್ನ ಹಳೇ ಪೇಷಂಟ್ ಒಬ್ಬ, ಅದೇ ಜೈಲಿನಲ್ಲಿ ಎಂಟು ತಿಂಗಳು ಇದ್ದವನು, ಈಗ ಆಟೋ ಓಡಿಸುತ್ತಾನೆ. ಗೇಟಿನಿಂದ ಫೋನ್ ಹೋದರೆ ಬರುತ್ತಾನೆ. "ಬಾ ಅಣ್ಣಾ, ಬ್ಯಾಗ್ ಕೊಡು" ಅಂದು ಕೂರಿಸಿಕೊಂಡು ಹಿಂದಿನ ರಸ್ತೆಯಲ್ಲಿ ಹೋಗುತ್ತಾನೆ. ಆ ರಸ್ತೆಯಲ್ಲಿ ಬಾರಿಲ್ಲ. ಬಸ್ಸು ಹೊರಡುವ ತನಕ ಜೊತೆಗೆ ಟೀ ಕುಡಿಯುತ್ತಾನೆ. ನನ್ನ ಒಂದು ಗಂಟೆ ಕೌನ್ಸೆಲಿಂಗಿಗಿಂತ ಆ ಟೀ ಜಾಸ್ತಿ ಕೆಲಸ ಮಾಡಿದೆ, ಒಪ್ಪಿಕೊಳ್ಳೋಕೆ ಬೇಜಾರಿಲ್ಲ.

ಲೆಕ್ಕ ಕೇಳಿದರೆ, ಮೊದಲು ಹತ್ತು ಜನ ಹೊರಗೆ ಹೋದರೆ ಒಬ್ಬ ವಾಪಸ್ ಕ್ಲಿನಿಕ್ಕಿಗೆ ಬಂದರೆ ದೊಡ್ಡದು. ಹೋದ ವರ್ಷ ಎಪ್ಪತ್ತು ಜನರಲ್ಲಿ ನಲವತ್ತರ ಮೇಲೆ ಎರಡು ವಾರದೊಳಗೆ ಬಂದರು. ರಿಜಿಸ್ಟರ್ ಮುಂದಿಲ್ಲ, ಅಂದಾಜಿಗೆ ಹೇಳುತ್ತಿದ್ದೇನೆ. ಖರ್ಚು ತಲೆಗೆ ಮುನ್ನೂರು ರೂಪಾಯಿ ಆಸುಪಾಸು. ಮೊದಲ ವರ್ಷ ಹದಿನೈದು, ಹದಿನಾರು ಸಾವಿರ ನನ್ನ ಜೇಬಿನಿಂದಲೇ ಹೋಯಿತು. ಮನೆಯವರಿಗೆ ಇವತ್ತಿಗೂ ಪೂರ್ತಿ ಲೆಕ್ಕ ಹೇಳಿಲ್ಲ. ಈಗ ಒಂದು ಟ್ರಸ್ಟ್ ಅರ್ಧ ಕೊಡುತ್ತೆ.

ನಡುವೆ ಬೀಡಿ ಬಿಡಿಸೋಕೂ ಹೋದೆ. ನಿಕೋಟಿನ್ ಗಮ್ ಹಂಚಿದೆ. ಒಂದೇ ವಾರಕ್ಕೆ ಜೈಲರ್ ನಿಲ್ಲಿಸಿದರು. ಅಗಿದ ಗಮ್ ಬೀಗದೊಳಗೆ ತುರುಕಿದರೆ ಏನು ಮಾಡ್ತೀರಿ ಅಂದರು. ಹೌದಲ್ಲ! ಸೋಂಪು, ಲವಂಗ ಕೊಟ್ಟು ನೋಡಿದೆ. ಲವಂಗ ಅಡುಗೆಮನೆಗೆ ಸೇರಿತು, ಆ ವಾರದ ಪಲಾವ್ ಘಮ್ಮಂತಿತ್ತಂತೆ. ಎನ್‌ಡಿಪಿಎಸ್ (ಮಾದಕ ವಸ್ತು ನಿಯಂತ್ರಣ) ಕಾಯ್ದೆಯ 39ನೇ ಸೆಕ್ಷನ್ ಕೂಡ ಪ್ರಯತ್ನಿಸಿದೆ. ಸೇವನೆಯ ಕೇಸಿನಲ್ಲೋ ಸಣ್ಣ ಪ್ರಮಾಣದ ಕೇಸಿನಲ್ಲೋ ತಪ್ಪಿತಸ್ಥ ಅಂತಾದ ವ್ಯಸನಿಯನ್ನು, ಅವನು ಒಪ್ಪಿದರೆ, ಶಿಕ್ಷೆಯ ಬದಲು ಚಿಕಿತ್ಸೆಗೆ ಕಳಿಸೋಕೆ ಕೋರ್ಟಿಗೆ ಅಧಿಕಾರ ಇದೆ. ಮೂವರಿಗೆ ಅರ್ಜಿ ಹಾಕಿಸಿದೆ, ಒಬ್ಬನಿಗೆ ಆಯಿತು. ಅದರ ಕಥೆ ಇನ್ನೊಮ್ಮೆ ಬರೆಯುತ್ತೇನೆ.

ಹೋದ ವಾರ ಆಟೋದವನು ಬಾಡಿಗೆ ಎಂಬತ್ತರಿಂದ ನೂರು ಮಾಡಿ ಅಂತ ಕೇಳಿದ್ದಾನೆ. ಗ್ಯಾಸ್ ರೇಟ್ ಏರಿದೆಯಂತೆ. ಟ್ರಸ್ಟಿನವರು ಯೋಚನೆ ಮಾಡಿ ಹೇಳ್ತೀವಿ ಅಂದಿದ್ದಾರೆ. ಅಲ್ಲಿಯವರೆಗೆ ಮೇಲಿನ ಇಪ್ಪತ್ತು ನನ್ನದು.