ಸಿಡಿಲು ಬಡಿದ ಕಂಪ್ಯೂಟರನ್ನು ಪೆನ್‌ಡ್ರೈವಲ್ಲಿ ಓಡಿಸಿದ್ದು

"ಪೆನ್‌ಡ್ರೈವಲ್ಲಿ ಕಂಪ್ಯೂಟರ್ ಓಡ್ತದಾ? ನಿಮಗೆ ಬೇರೆ ಕೆಲಸ ಇಲ್ವಾ ಮಾರಾಯ್ರೆ" ಅಂದವರು ಪಕ್ಕದ ಮೊಬೈಲ್ ರಿಪೇರಿಯವರು. ಓಡಲು ಶುರುವಾಗಿ ವರ್ಷ ದಾಟಿತು. ಹಾಗಾಗಿ ಈಗ ಧೈರ್ಯದಿಂದ ಬರೆಯುತ್ತಿದ್ದೇನೆ.

ಕಾಸರಗೋಡಿನ ಬದಿಯಡ್ಕದ ಹತ್ತಿರ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ನೇಮ (ಭೂತಕೋಲ), ಮದುವೆ, ಯಕ್ಷಗಾನದ ನೋಟೀಸುಗಳೇ ಜಾಸ್ತಿ, ಒಂದೇ ಹಾಳೆಯಲ್ಲಿ ಕನ್ನಡವೂ ಬೇಕು, ಮಲಯಾಳವೂ ಬೇಕು. ಎರಡು ವರ್ಷದ ಹಿಂದೆ ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಒಂದು ಸಂಜೆ ಸಿಡಿಲು ಬಡಿದು ಹಳೇ ಕೋರ್ ಟು ಡ್ಯುಯೋ ಕಂಪ್ಯೂಟರಿನ ಹಾರ್ಡ್‌ಡಿಸ್ಕ್ ಹೋಯಿತು. ಎಸ್‌ಎಸ್‌ಡಿ ಹಾಕಿದರಾಯ್ತಲ್ಲ ಅಂತೀರಿ. ಬೋರ್ಡಿನಲ್ಲಿ ಡಿಸ್ಕ್ ಸಿಕ್ಕಿಸುವ ಸಾಟಾ ಪೋರ್ಟುಗಳೂ ಸತ್ತಿದ್ದವು, ಯುಎಸ್‌ಬಿ ಮಾತ್ರ ಬದುಕಿತ್ತು. ಹೊಸ ಸಿಸ್ಟಮ್ಮಿಗೆ 25 ಸಾವಿರ ಅಂದರು. ಆ ವರ್ಷ ತೋಟದಲ್ಲಿ ಕೊಳೆರೋಗ ಬೇರೆ.

ಮೊದಲು 350ರ ಒಂದು ಪೆನ್‌ಡ್ರೈವಿಗೆ ಲುಬುಂಟು (ವಿಂಡೋಸಿನ ಬದಲಿಗೆ ಹಾಕುವ ಒಂದು ಹಗುರ ಲಿನಕ್ಸ್) ಪೂರ್ತಿ ಇನ್‌ಸ್ಟಾಲ್ ಮಾಡಿದೆ. ದಡ್ಡತನ. ಬೂಟ್ ಆಗಲು ಆರೇಳು ನಿಮಿಷ, ಬ್ರೌಸರ್ ತೆರೆದರೆ ಗಿರಾಕಿ ಹೋಟೆಲಿಗೆ ಹೋಗಿ ಚಾ ಕುಡಿದು ಬರಬಹುದು. ಡ್ರೈವನ್ನು ಮುಟ್ಟಿದರೆ ಬೆರಳು ಚುರ್ ಅನ್ನುತ್ತಿತ್ತು. ಎರಡೇ ತಿಂಗಳಲ್ಲಿ ರೀಡ್ ಓನ್ಲಿ ಆಗಿ, ಅಂದರೆ ಏನೂ ಬರೆಯಲಾಗದೆ, ಕೂತಿತು. ಆಮೇಲೆ ಜಾತ್ರೆಯ ಸಂತೆಯಲ್ಲಿ 64 ಜಿಬಿಯದ್ದು 250ಕ್ಕೆ ಸಿಕ್ಕಿತು ಅಂತ ಹಿಗ್ಗಿದೆ. ಡ್ರೈವಿನ ನಿಜವಾದ ಜಾಗ ಅಳೆಯುವ ಎಫ್3 ಪ್ರೋಗ್ರಾಂ ಹಾಕಿ ನೋಡಿದರೆ ಒಳಗೆ ಇದ್ದದ್ದು ಏಳು ಚಿಲ್ಲರೆ ಜಿಬಿ. ಹೊಸ ಪೆನ್‌ಡ್ರೈವ್ ತಂದ ಕೂಡಲೇ ಎಫ್3 ಓಡಿಸಿ, ಬಿಲ್ ಇದ್ದರೂ ಓಡಿಸಿ.

ಮತ್ತೆ ಪಪ್ಪಿ ಎಂಬ ಪುಟ್ಟ ಲಿನಕ್ಸ್ ಹಿಡಿದೆ. ಗುಜರಿಯಿಂದ 300ಕ್ಕೆ 2 ಜಿಬಿ ರ‍್ಯಾಮ್ ತಂದು ಒಟ್ಟು 4 ಮಾಡಿದೆ. ಇಡೀ ಸಿಸ್ಟಮ್ ರ‍್ಯಾಮಿಗೆ ಏರುವುದರಿಂದ ಹಾರಾಟ ಶುರು. ಆದರೆ ಸೆಟ್ಟಿಂಗ್, ಫಾಂಟು ಎಲ್ಲ ಉಳಿಯುವ ಸೇವ್‌ಫೈಲನ್ನು ಕರೆಂಟು ಹೋದರೆ ಸುಲಭವಾಗಿ ಕೆಡುವ ಫ್ಯಾಟ್32 ಮಾದರಿಯ ಜಾಗದಲ್ಲೇ ಇಟ್ಟಿದ್ದೆ, ಅರ್ಧ ಗಂಟೆಗೊಮ್ಮೆ ತಾನಾಗಿ ಸೇವ್ ಆಗುವುದನ್ನೂ ಹಾಗೇ ಬಿಟ್ಟಿದ್ದೆ. ಪತ್ತನಾಜೆಗೆ (ಮೇ ಕೊನೆಗೆ ನೇಮಗಳು ನಿಲ್ಲುವ ದಿನ) ಮೊದಲು ನೇಮದ ನೋಟೀಸುಗಳ ರಾಶಿ ಅಲ್ವಾ? ಮಾರ್ಚಿನಲ್ಲಿ ಒಂದು ರಾತ್ರಿ ಸರಿಯಾಗಿ ಸೇವ್ ಆಗುವ ಹೊತ್ತಿಗೆ ಕರೆಂಟು ಹೋಯಿತು. ಯುಪಿಎಸ್ಸಿನ ಬ್ಯಾಟರಿ ಸತ್ತು ಯಾವ ಕಾಲವಾಯಿತೋ. ಮತ್ತೆ ಆನ್ ಮಾಡಿದರೆ ಫಾಂಟು, ಕೀಬೋರ್ಡು, ಪ್ರಿಂಟರ್ ಏನೂ ಇಲ್ಲ. ಬೆಳಿಗ್ಗೆಗೆ 500 ನೋಟೀಸು ಕೊಡಬೇಕಿತ್ತು. 'ಪಿಫಿಕ್ಸ್=ರ‍್ಯಾಮ್' ಎಂದು ಬೂಟ್ ಸಾಲಿನಲ್ಲಿ (ಶುರುವಾಗುವಾಗ ಕೊಡುವ ಆಜ್ಞೆ) ಕೊಟ್ಟು, ಸೇವ್‌ಫೈಲ್ ಬಿಟ್ಟು ಖಾಲಿ ಸಿಸ್ಟಮ್ ಎಬ್ಬಿಸಿ ಎಲ್ಲವನ್ನೂ ಪುನಃ ಹಾಕಿ ಮುಗಿಸುವಾಗ ರಾತ್ರಿ 2 ಗಂಟೆ.

ಮರುದಿನವೇ 450 ಕೊಟ್ಟು ಒಳ್ಳೆಯದೊಂದು 32 ಜಿಬಿ ತಂದೆ. ಬೂಟಿಗೆ ಸಣ್ಣ ಫ್ಯಾಟ್32 ಭಾಗ, ಸೇವ್‌ಫೈಲಿನ ಬದಲು ಇಟ್ಟ ಸೇವ್ ಫೋಲ್ಡರಿಗೆ ಲಿನಕ್ಸಿನದೇ ಮಾದರಿಯಾದ ಇಎಕ್ಸ್‌ಟಿ4. ಬೂಟ್ ಸಾಲಿನಲ್ಲಿ 'ಪಿಮೀಡಿಯಾ=ಯುಎಸ್‌ಬಿಫ್ಲಾಶ್' ಇರಲೇಬೇಕು, ಅದು ತಪ್ಪಿದರೆ ಪ್ರತಿಯೊಂದನ್ನೂ ಡ್ರೈವಿಗೇ ಬರೆಯುತ್ತಾ ಕೂರುತ್ತದೆ. ಪಪ್ಪಿಯ ಇವೆಂಟ್ ಮ್ಯಾನೇಜರಿನಲ್ಲಿ ಸೇವ್ ಅವಧಿ 0, ಅಂದರೆ ನಡುನಡುವೆ ತಾನಾಗಿ ಸೇವ್ ಆಗುವುದಿಲ್ಲ. ಸೆಟ್ಟಿಂಗ್ ಬದಲಾದ ದಿನ ಮಾತ್ರ ನಾನೇ ಸೇವ್ ಒತ್ತುತ್ತೇನೆ. ಗಿರಾಕಿಗಳ ಫೈಲುಗಳಿಗೆ 300ರ ಬೇರೆಯೇ ಪೆನ್‌ಡ್ರೈವ್. ಎಲ್ಲ ಸೇರಿ, ಹಾಳಾದದ್ದನ್ನೂ ಹಿಡಿದು, 1,700ರ ಒಳಗೇ ಆಯಿತು.

ನನ್ನದು ಪಪ್ಪಿಯಲ್ಲಿ ಡೆಬಿಯನ್ ಆಧಾರದ ಬುಕ್‌ವರ್ಮ್‌ಪಪ್ ಆದ್ದರಿಂದ ಪ್ರೋಗ್ರಾಂ ಇಳಿಸಿ ಹಾಕುವ ಆಪ್ಟ್ ಇದೆ, ಲೋಹಿತ್, ನವಿಲು, ಗುಬ್ಬಿ ಫಾಂಟುಗಳು ಸುಲಭ. ಭಾಷೆಯ ಕೀಬೋರ್ಡ್ ಬದಲಿಸುವ ಐಬಸ್ಸಿನಲ್ಲಿ ಕನ್ನಡ ಗಣಕ ಪರಿಷತ್ತಿನ ಕೆಜಿಪಿ ಕೀಬೋರ್ಡ್ ಏಳಲು ಎರಡು ರಾತ್ರಿ ಹಿಡಿಯಿತು. ಒತ್ತಕ್ಷರ ವಿನ್ಯಾಸದ ಪ್ರೋಗ್ರಾಂ ಇಂಕ್‌ಸ್ಕೇಪಿನಲ್ಲಿ ಚೆನ್ನಾಗಿ ಕೂರುತ್ತದೆ. ಯೂನಿಕೋಡ್ ಅಲ್ಲದ ಹಳೇ ನುಡಿ ತಂತ್ರಾಂಶದ ಫೈಲುಗಳು ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅದಕ್ಕೆ ನಾನೊಂದು ಉಪಾಯ ಮಾಡಿಕೊಂಡಿದ್ದೇನೆ, ಅದು ಮಾತ್ರ ಅಂಗಡಿಯ ಗುಟ್ಟು.

ಮಧ್ಯೆ ಸುಮ್ನೆ, ಮೆಮೊರಿಯಲ್ಲಿ ಒತ್ತಿ ಹೆಚ್ಚು ಹಿಡಿಸುವ ಜೀರ‍್ಯಾಮ್ ಹಾಕಿ ನೋಡಿದೆ, ದೊಡ್ಡ ಫ್ಲೆಕ್ಸಿನ ಫೈಲಿಗೆ ಸ್ವಲ್ಪ ಉಪಕಾರವಾಯಿತು. ಈ ಪೆನ್‌ಡ್ರೈವನ್ನು ಭಾವನ ಹೊಸ ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಗುರುತಿಲ್ಲದ ಸಿಸ್ಟಮನ್ನು ತಡೆಯುವ ಸೆಕ್ಯೂರ್ ಬೂಟ್ ಬಿಡಲಿಲ್ಲ. ಅದನ್ನು ಆಫ್ ಮಾಡಿದ ಮೇಲೆ ಅವರ ಸ್ಕ್ರೀನಿನಲ್ಲಿ ನನ್ನ ಅಂಗಡಿ! ಭಾವ ಎರಡು ಸಲ ಕಣ್ಣುಜ್ಜಿಕೊಂಡರು. ಮಗಳಿಗೆ ಇದೆಲ್ಲ ವಿಶೇಷವೇ ಅಲ್ಲ, ಕೇರಳದ ಸರಕಾರಿ ಶಾಲೆಗಳಲ್ಲಿ ಲಿನಕ್ಸೇ ಕಲಿಸುವುದು.

ಈಗ ಗುಡುಗು ಶುರುವಾದರೆ ಶಟ್‌ಡೌನ್ ಮಾಡಿ, ಎರಡೂ ಪೆನ್‌ಡ್ರೈವ್ ಕಿತ್ತು ಅಂಗಿ ಜೇಬಿಗೆ ಹಾಕಿಕೊಂಡು ಮನೆಗೆ. ರಿಪೇರಿಯವರು ಮೊನ್ನೆ ಬಂದು "ನನಗೂ ಒಂದು ಮಾಡಿಕೊಡಿ" ಅಂದರು. ಪೆನ್‌ಡ್ರೈವ್ ಸೇರಿ 800 ಹೇಳಿದ್ದೇನೆ.