ಒಂಟಿ ಹಸುವಿನ ಬೆದೆ ಮತ್ತು ಗಬ್ಬ: ನಾನು ನೋಡಿಕೊಳ್ಳುವ ಬಗೆ

ಮನೆಯಲ್ಲಿ ಒಂದೇ ಹಸು ಇದ್ದರೆ ಗಬ್ಬ ಕಟ್ಟಿಸುವುದಕ್ಕಿಂತ ಬೆದೆ ಹಿಡಿಯುವುದೇ ಕಷ್ಟ. ಹಿಂಡಿನಲ್ಲಾದರೆ ಬೆದೆಗೆ ಬಂದ ಹಸುವಿನ ಮೇಲೆ ಇನ್ನೊಂದು ಹಾರುತ್ತದೆ, ಇದು ಅಲುಗದೆ ನಿಂತುಕೊಡುತ್ತದೆ. ಒಂಟಿ ಹಸುವಿಗೆ ಹಾರುವ ಜೊತೆಯಿಲ್ಲ. ಹಾಗಾಗಿ ಅದರ ಬಾಲದ ಬುಡ, ಮಲಗಿದ ಜಾಗ, ಹಾಲಿನ ಅಳತೆ, ಈ ಮೂರರ ಮೇಲೆ ನಾನು ಕಣ್ಣಿಟ್ಟಿರುತ್ತೇನೆ.

ಬೆಳಗ್ಗೆ ಹಸು ಏಳುವ ಮೊದಲೇ ಕೊಟ್ಟಿಗೆಗೆ ಹೋಗಬೇಕು. ಮಲಗಿದ್ದಾಗ ಹೊಟ್ಟೆಯ ಒತ್ತಡಕ್ಕೆ ಲೋಳೆ ಹೊರಬಂದು ಬಾಲದ ಕೆಳಗೆ ಬಿದ್ದಿರುತ್ತದೆ. ಎದ್ದು ಸಗಣಿ ಹಾಕಿ ತುಳಿದಾಡಿದ ಮೇಲೆ ಏನೂ ಕಾಣುವುದಿಲ್ಲ. ಒಳ್ಳೆಯ ಬೆದೆಯ ಲೋಳೆ ಮೊಟ್ಟೆಯ ಬಿಳಿಯ ಹಾಗೆ ತಿಳಿಯಾಗಿರುತ್ತದೆ. ಎರಡು ಬೆರಳ ನಡುವೆ ಹಿಡಿದು ಅಗಲಿಸಿದರೆ ಕಡಿಯದೆ ಎಳೆಯಾಗಿ ಜಗ್ಗುತ್ತದೆ. ಬಾಲದ ಕೂದಲಿಗೆ ಮೆತ್ತಿ ಒಣಗಿದ್ದರೆ ಹೊಳಪಿನಿಂದ ಗೊತ್ತಾಗುತ್ತದೆ. ಲೋಳೆಯಲ್ಲಿ ಬಿಳಿ ಚೂರು, ಹಳದಿ ಕೀವು ಅಥವಾ ದುರ್ವಾಸನೆ ಇದ್ದರೆ ಗರ್ಭಕೋಶಕ್ಕೆ ಸೋಂಕು ತಗುಲಿದೆ ಎಂದೇ ತಿಳಿದು ಆ ಬೆದೆಯನ್ನು ಬಿಟ್ಟುಬಿಡುತ್ತೇನೆ. ಚಿಕಿತ್ಸೆ ಕೊಡಿಸದೆ ವೀರ್ಯ ಹಾಕಿಸಿದರೆ ವೀರ್ಯ ತುಂಬಿದ ಕಡ್ಡಿಯೂ ದಂಡ, ಇನ್ನೊಂದು 21 ದಿನವೂ ದಂಡ.

ಉಳಿದ ಲಕ್ಷಣಗಳು ಎಲ್ಲರಿಗೂ ಗೊತ್ತಿರುವಂಥವೇ: ಅರಚುವುದು, ಮೇವು ಬಿಡುವುದು, ಚೂರುಚೂರೇ ಗಂಜಲ ಹೊಯ್ಯುವುದು, ಹಾಲು ಇಳಿಯುವುದು. ಯೋನಿಯ ತುಟಿ ಊದಿ, ಮೇಲಿನ ಸಣ್ಣ ಸುಕ್ಕುಗಳು ಮಾಯವಾಗುತ್ತವೆ. ಸೊಂಟದ ಮೇಲೆ ಕೈಯಿಂದ ಒತ್ತಿದರೆ ಬಾಲ ಪಕ್ಕಕ್ಕೆ ಸರಿಸಿ ನಿಲ್ಲುತ್ತದೆ. ಮೂಕ ಬೆದೆಯ ಹಸು ಅರಚುವುದೇ ಇಲ್ಲ. ಅಂಥದ್ದರಲ್ಲಿ ಲೋಳೆ ಮತ್ತು ಹಾಲಿನ ಲೆಕ್ಕವೇ ದಾರಿ.

ಬೆದೆ ಕಂಡ ದಿನವನ್ನು ಕ್ಯಾಲೆಂಡರ್‌ನಲ್ಲಿ ಬರೆದಿಡುತ್ತೇನೆ, ಆ ಸಲ ವೀರ್ಯ ಕೊಡಿಸದಿದ್ದರೂ ಸರಿ. ಚಕ್ರ ಸಾಮಾನ್ಯವಾಗಿ 21 ದಿನದ್ದು, 18ರಿಂದ 24ರವರೆಗೆ ಆಚೀಚೆ ಆಗಬಹುದು. 18ನೇ ದಿನದಿಂದ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಮಲಗುವ ಮುಂಚೆ, ಹೀಗೆ ಮೂರು ಹೊತ್ತು 20 ನಿಮಿಷವಾದರೂ ಸುಮ್ಮನೆ ನಿಂತು ನೋಡಬೇಕು. ಹಾಲು ಕರೆಯುವ ಹೊತ್ತಿನಲ್ಲಿ ನೋಡಿದ್ದು ಲೆಕ್ಕಕ್ಕಿಲ್ಲ. ಆಗ ಹಸುವಿನ ಗಮನವೆಲ್ಲ ಹಿಂಡಿಯ ಮೇಲಿರುತ್ತದೆ. ಬಾಲದಲ್ಲಿ ಸ್ವಲ್ಪ ರಕ್ತ ಕಂಡರೆ ಬೆದೆ ಒಂದರಿಂದ ಮೂರು ದಿನದ ಹಿಂದೆಯೇ ಮುಗಿದಿದೆ ಎಂದರ್ಥ. ಗಬ್ಬ ನಿಲ್ಲಲಿಲ್ಲ ಎಂದು ಅದರಿಂದ ಹೇಳಲಾಗದು. ಬೆದೆ ತಪ್ಪಿಸಿಕೊಂಡಿದ್ದರೆ ಆ ರಕ್ತದಿಂದಲೇ ಮುಂದಿನ ದಿನ ಎಣಿಸಿಕೊಳ್ಳಬಹುದು.

ಈದ ಮೇಲೆ 60 ದಿನ ತುಂಬುವವರೆಗೆ ನಾನು ಕೊಡಿಸುವುದಿಲ್ಲ, ಅಷ್ಟರೊಳಗೆ ಒಳ್ಳೆಯ ಬೆದೆಗೆ ಬಂದರೂ ಸರಿ. ಗರ್ಭಕೋಶ ಕುಗ್ಗಿ ಮೊದಲಿನಂತಾಗಲು ಅಷ್ಟು ಸಮಯ ಬೇಕು. ಕಡಸಾದರೆ ವಯಸ್ಸಿಗಿಂತ ತೂಕ ಮುಖ್ಯ: ಆ ತಳಿಯ ದೊಡ್ಡ ಹಸುವಿನ ತೂಕದಲ್ಲಿ ನೂರಕ್ಕೆ 60ರಿಂದ 65 ಭಾಗ ಬಂದಿರಬೇಕು. ತಕ್ಕಡಿ ಇಲ್ಲದವರು ಎದೆಯ ಸುತ್ತಳತೆಯನ್ನು ಸೆಂಟಿಮೀಟರ್‌ನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, ಭುಜದ ಮೂಳೆಯಿಂದ ಪೃಷ್ಠದ ಮೂಳೆಯವರೆಗಿನ ಉದ್ದದಿಂದ ಮತ್ತೆ ಗುಣಿಸಿ, 10,840ರಿಂದ ಭಾಗಿಸಲಿ. ಸುತ್ತಳತೆ 150, ಉದ್ದ 125 ಇದ್ದರೆ ಸುಮಾರು 259 ಕಿಲೋ. ಪಕ್ಕೆಲುಬುಗಳು ಎದ್ದು ಕಾಣುವಷ್ಟು ಬಡಕಲಾದ ಹಸುವಿಗೆ ಮೊದಲು ಮೇವು, ಖನಿಜ ಮಿಶ್ರಣ, ಆಮೇಲೆ ವೀರ್ಯ. ಹಾಲಿಗೇ ಸಾಲದ ಮೈಯಲ್ಲಿ ಗಬ್ಬ ನಿಲ್ಲುವುದು ಕಷ್ಟ.

ಸಮಯದ ಲೆಕ್ಕ ಸುಲಭ: ಬೆಳಗ್ಗೆ ಬೆದೆ ಶುರುವಾದರೆ ಸಂಜೆ, ಸಂಜೆ ಶುರುವಾದರೆ ಮರುದಿನ ಬೆಳಗ್ಗೆ. ಬೆದೆ 12ರಿಂದ 18 ಗಂಟೆ ಇರುತ್ತದೆ, ಅಂಡ ಬಿಡುಗಡೆಯಾಗುವುದು ಬೆದೆ ಇಳಿದು ಸುಮಾರು 12 ಗಂಟೆ ಕಳೆದ ಮೇಲೆ. ವೀರ್ಯಾಣು ಒಳಗೆ ಹೋಗಿ ಸಿದ್ಧವಾಗಲು ಸುಮಾರು 6 ಗಂಟೆ ಬೇಕು. ಅರಚಿದ ಕೂಡಲೇ ಓಡಿಹೋಗಿ ಹಾಕಿಸಿದರೆ ಅಂಡ ಬರುವಷ್ಟರಲ್ಲಿ ವೀರ್ಯಾಣು ಸೊರಗಿರುತ್ತದೆ. ಮರುದಿನ ಸಂಜೆಯವರೆಗೆ ಎಳೆದರೆ ಅಂಡವೇ ಹಾಳಾಗಿರುತ್ತದೆ.

ಎಐ, ಅಂದರೆ ಕೃತಕ ಗರ್ಭಧಾರಣೆ, ಮಾಡುವಾಗ ನಾನು ಪಕ್ಕದಲ್ಲೇ ನಿಂತು ನೋಡುವುದು ಕಡ್ಡಿ ಕರಗಿಸುವ ರೀತಿಯನ್ನು. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಿಂದ ತೆಗೆದ ಕಡ್ಡಿ ನೇರವಾಗಿ 35ರಿಂದ 37 ಡಿಗ್ರಿಯ ನೀರಿಗೆ ಹೋಗಬೇಕು, ಅಲ್ಲಿ 30ರಿಂದ 45 ಸೆಕೆಂಡ್ ಇರಬೇಕು. ಅಂಗೈಯಲ್ಲಿ ಉಜ್ಜುವುದು, ಜೇಬಿನಲ್ಲಿಟ್ಟು ಬಿಸಿ ಮಾಡುವುದು ಬೇಡವೇ ಬೇಡ. ಬಿಸಿನೀರಿನ ಫ್ಲಾಸ್ಕ್ ಮತ್ತು ಥರ್ಮಾಮೀಟರನ್ನು ನಾನೇ ಸಿದ್ಧ ಇಟ್ಟಿರುತ್ತೇನೆ. ಕರಗಿದ ಕಡ್ಡಿಯನ್ನು ಒರೆಸಿ ಒಣಗಿಸಬೇಕು, ಒಂದು ಹನಿ ನೀರು ತಾಗಿದರೂ ವೀರ್ಯಾಣು ಸಾಯುತ್ತದೆ. ವೀರ್ಯವನ್ನು ಗರ್ಭಕಂಠ ದಾಟಿದ ತಕ್ಷಣ ನಿಧಾನವಾಗಿ ಬಿಡಬೇಕು. ಕೆಲಸ ಮುಗಿದ ಮೇಲೆ ಹಸುವನ್ನು ಓಡಿಸದೆ, ಹೊಡೆಯದೆ ನೆರಳಿನಲ್ಲಿ ಕಟ್ಟುತ್ತೇನೆ. ಮೊದಲ ವಾರ ಬಿಸಿಲಿನ ಝಳ ತಾಗಿದರೆ ಕಟ್ಟಿದ ಭ್ರೂಣವೂ ಉಳಿಯುವುದಿಲ್ಲ ಎಂಬ ಭಯ ನನಗೆ ಯಾವಾಗಲೂ ಇದ್ದೇ ಇದೆ.

21ನೇ ದಿನ ಬೆದೆ ಕಾಣಲಿಲ್ಲ ಎಂದರೆ ಗಬ್ಬ ಎಂದು ಖುಷಿಪಡುವವರು ಬಹಳ. ಒಂಟಿ ಹಸುವಿನಲ್ಲಿ ಆ ಮಾತಿಗೆ ತೂಕ ಕಡಿಮೆ. ಬೆದೆ ಬಾರದೇ ಇರಲು ಮೂಕ ಬೆದೆ, ಅಂಡಾಶಯದ ಗಂಟು, ಬಡಕಲು ಮೈ, ನಾವು ನೋಡದೇ ಇದ್ದದ್ದು, ಹೀಗೆ ಎಷ್ಟೋ ಕಾರಣಗಳಿವೆ. ಗಬ್ಬದಲ್ಲೂ ಕೆಲವು ಹಸುಗಳು ಬೆದೆಯ ಚಿಹ್ನೆ ತೋರಿಸುತ್ತವೆ. ಅಂಥ ಹಸುವಿಗೆ ಮತ್ತೆ ಎಐ ಮಾಡಲು ಗರ್ಭಕಂಠದೊಳಗೆ ಕೋಲು ತೂರಿಸಿದರೆ ಕರು ಹೋಗಬಹುದು. ಹಾಗಾಗಿ 42ನೇ ದಿನದ ಸುತ್ತಮುತ್ತ ಮತ್ತೊಮ್ಮೆ ಕಾದು ನೋಡುತ್ತೇನೆ.

ಖಚಿತವಾಗಿ ತಿಳಿಯಲು ದಾರಿಗಳಿವೆ. ನುರಿತವರ ಕೈಯಲ್ಲಿ ಸ್ಕ್ಯಾನಿಂಗ್ 30 ದಿನಕ್ಕೇ ಹೇಳುತ್ತದೆ. ರಕ್ತ ಅಥವಾ ಹಾಲಿನಲ್ಲಿ ಗರ್ಭದ ಪ್ರೋಟೀನ್ ನೋಡುವ ಪರೀಕ್ಷೆಯೂ ಸರಿಸುಮಾರು ಅಷ್ಟೇ ದಿನಕ್ಕೆ ಆಗುತ್ತದೆ. ಆದರೆ ಹಿಂದಿನ ಗಬ್ಬದ ಪ್ರೋಟೀನ್ ಈದ ಮೇಲೂ ಎರಡು ತಿಂಗಳಿಗೂ ಹೆಚ್ಚು ಕಾಲ ರಕ್ತದಲ್ಲಿ ಉಳಿದಿರುತ್ತದೆ, ಬೇಗ ಪರೀಕ್ಷಿಸಿದರೆ ಸುಳ್ಳು ಗಬ್ಬ ತೋರಿಸುತ್ತದೆ. ಗುದದ್ವಾರದೊಳಗೆ ಕೈಹಾಕಿ ನೋಡುವ ಪರೀಕ್ಷೆಯನ್ನು ನಾನು 60 ದಿನ ಕಳೆದ ಮೇಲೆ ಪಶುವೈದ್ಯರಿಂದಲೇ ಮಾಡಿಸುತ್ತೇನೆ. ಎಳೆಯ ಭ್ರೂಣದ ಚೀಲವನ್ನು ಹಿಸುಕಿದರೆ ಅಪಾಯ. ಗಂಜಲದಲ್ಲಿ ಕಾಳು ನೆನೆಸಿ ಮೊಳಕೆ ನೋಡುವ ಪರೀಕ್ಷೆಯನ್ನು ನಂಬಿ ನಾನು ಯಾವ ತೀರ್ಮಾನವನ್ನೂ ಮಾಡುವುದಿಲ್ಲ. ಮೊಳಕೆ ಬರದಿದ್ದರೆ ಗಬ್ಬ ಎನ್ನುತ್ತಾರೆ, ಆದರೆ ಕಾಳು ಹಳೆಯದಾದರೂ, ಗಂಜಲ ಗಟ್ಟಿಯಾದರೂ ಮೊಳಕೆ ಬರುವುದಿಲ್ಲ. ಬೆದೆ ಬರಿಸುವ ಪ್ರೊಸ್ಟಗ್ಲಾಂಡಿನ್ ಇಂಜೆಕ್ಷನ್ ಕೊಡಿಸುವ ಮುಂಚೆಯಂತೂ ಗಬ್ಬ ಇಲ್ಲವೆಂದು ಖಾತ್ರಿಯಾಗಲೇಬೇಕು. ಗಬ್ಬವಿದ್ದರೆ ಅದು ಕಂದು ಹಾಕಿಸುತ್ತದೆ. ಗರ್ಭಿಣಿಯರೂ ಉಬ್ಬಸದವರೂ ಆ ಔಷಧಿಯನ್ನು ಮುಟ್ಟಬಾರದು.

ಆರು ತಿಂಗಳಾದ ಮೇಲೆ ನಮ್ಮ ಕೈಗೇ ತಿಳಿಯುತ್ತದೆ. ಎಡಗಡೆ ಮೇವಿನ ಹೊಟ್ಟೆ ತುಂಬಿರುವುದರಿಂದ ಬಲಗಡೆಯೇ ನೋಡಬೇಕು. ಬೆಳಗ್ಗೆ ಮೇವು ಹಾಕುವ ಮುಂಚೆ ಬಲಪಕ್ಕದಲ್ಲಿ ನಿಂತು, ಹಿಂಗಾಲಿನ ಮುಂದಿನ ಚರ್ಮದ ಮಡಿಕೆಗೆ ಸ್ವಲ್ಪ ಮುಂದೆ, ಹೊಟ್ಟೆಯ ಕೆಳಭಾಗದಲ್ಲಿ ಮುಷ್ಟಿ ಇಡುತ್ತೇನೆ. ಗುದ್ದದೆ, ಒಳಕ್ಕೆ ಒಮ್ಮೆ ಒತ್ತಿ ಕೈಯನ್ನು ಅಲ್ಲೇ ಬಿಡುತ್ತೇನೆ. ಗಟ್ಟಿಯಾದದ್ದೇನೋ ಆಚೆ ಸರಿದು, ಒಂದೆರಡು ಕ್ಷಣದಲ್ಲಿ ವಾಪಸ್ ಬಂದು ಮುಷ್ಟಿಗೆ ತಾಗುತ್ತದೆ. ಅದೇ ಕರು. ಒಂದು ದಿನ ಸಿಗದಿದ್ದರೆ ಗಾಬರಿ ಬೇಡ, ಕರು ಆಳಕ್ಕೆ ಸರಿದಿರಬಹುದು. ಮಾರನೆಯ ದಿನ ಮತ್ತೆ ನೋಡುತ್ತೇನೆ.

ಈಯುವ ದಿನಕ್ಕೆ ಎಐ ದಿನದಿಂದ ಮೂರು ತಿಂಗಳು ಹಿಂದೆ ಹೋಗಿ ಹತ್ತು ದಿನ ಸೇರಿಸಿದರೆ ಸಾಕು. ಜೂನ್ 5ಕ್ಕೆ ಕೊಡಿಸಿದ್ದರೆ ಮಾರ್ಚ್ 15ರ ಆಸುಪಾಸು. ಅದಕ್ಕೆ 60 ದಿನ ಮುಂಚೆ, ಅಂದರೆ ಜನವರಿ 14ಕ್ಕೆ ಹಾಲು ಬತ್ತಿಸುತ್ತೇನೆ. ಆ ಹೊತ್ತಿಗೂ ಮುಷ್ಟಿಗೆ ಕರು ಒಮ್ಮೆಯೂ ತಾಗಿಲ್ಲವಾದರೆ, ಬತ್ತಿಸುವುದನ್ನು ನಿಲ್ಲಿಸಿ ಪಶುವೈದ್ಯರನ್ನು ಕರೆಸಿ ಮತ್ತೊಮ್ಮೆ ಕೈಹಾಕಿಸಿ ನೋಡುತ್ತೇನೆ.