ಮೋಡೆಮ್ ಬದಲಿಸುವ ಮುನ್ನ ಒಂದು ತಂತಿ ಸಿಕ್ಕಿಸಿ ನೋಡಿ

ನಮ್ಮ ಮಹಡಿ ಮನೆಯವರು ಕಳೆದ ದಸರಾ ರಿಯಾಯಿತಿಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಹಣ ಕೊಟ್ಟು, ನಾಲ್ಕು ಆಂಟೆನಾಗಳನ್ನು ಕೊಂಬಿನಂತೆ ನಿಮಿರಿಸಿಕೊಂಡ ಹೊಸ ರೂಟರ್ ತಂದರು. ಪೆಟ್ಟಿಗೆಯ ಮೇಲೆ 3000 ಎಂಬಿಪಿಎಸ್ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಹಳೆಯದರಲ್ಲಿ ಬರುತ್ತಿದ್ದ ವೇಗ 38, ಹೊಸದರಲ್ಲಿ ಬಂದದ್ದು 39. ಅವರು ತಿಂಗಳಿಗೆ ಹಣ ಕಟ್ಟುತ್ತಿದ್ದುದೇ 40 ಎಂಬಿಪಿಎಸ್ ಪ್ಲಾನಿಗೆ. ಇದಕ್ಕೆ ತದ್ವಿರುದ್ಧವಾಗಿ, ತೀರ್ಥಹಳ್ಳಿ ಕಡೆಯ ನಮ್ಮ ಸಂಬಂಧಿಕರೊಬ್ಬರು 200ರ ಪ್ಲಾನಿಗೆ ಎರಡು ವರ್ಷ ಹಣ ಕಟ್ಟಿದರೂ, 100ಕ್ಕಿಂತ ಹೆಚ್ಚು ದಾಟಿಸಲಾರದ ಹಳೆಯ ಪೆಟ್ಟಿಗೆಯನ್ನೇ ಇಟ್ಟುಕೊಂಡಿದ್ದರು. ಈ ಎರಡೂ ಬಗೆಯ ನಷ್ಟವನ್ನು ಅರ್ಧ ಗಂಟೆಯ ಪರೀಕ್ಷೆಯಿಂದ ತಪ್ಪಿಸಬಹುದಿತ್ತು.

ಮನೆಯಲ್ಲಿರುವುದು ಯಾವ ಪೆಟ್ಟಿಗೆ?

ದೀಪ ಮಿನುಗುವ ಪೆಟ್ಟಿಗೆಯನ್ನೆಲ್ಲ ನಾವು ಮೋಡೆಮ್ ಎನ್ನುತ್ತೇವೆ. ಅದರ ಹಿಂಬದಿಗೆ ಹೊರಗಿನಿಂದ ಬರುವ ತಂತಿಯನ್ನು ನೋಡಿದರೆ ನಿಜ ಸಂಗತಿ ತಿಳಿಯುತ್ತದೆ. ತುದಿಯಲ್ಲಿ ಹಸಿರು ಅಥವಾ ನೀಲಿ ಪ್ಲಾಸ್ಟಿಕ್ ಚೌಕವಿರುವ ಸಣ್ಣ ಎಳೆಯೊಂದು ಒಳಗೆ ಹೋಗಿದ್ದರೆ ಅದು ಫೈಬರ್; ಬೆಳಕನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುವ ಆ ಪೆಟ್ಟಿಗೆಗೆ ಓಎನ್‌ಟಿ ಎಂದು ಹೆಸರು, ವೈಫೈ ಕೂಡ ಸಾಮಾನ್ಯವಾಗಿ ಅದರಲ್ಲೇ ಇರುತ್ತದೆ. ಅಪಾರ್ಟ್‌ಮೆಂಟಿನ ಮೆಟ್ಟಿಲ ಬಳಿಯ ಡಬ್ಬಿಯಿಂದ ಕಂಪ್ಯೂಟರ್ ಕೇಬಲ್ಲೇ ನೇರವಾಗಿ ಮನೆಯೊಳಗೆ ಬಂದಿದ್ದರೆ ನಿಮ್ಮಲ್ಲಿರುವುದು ಕೇವಲ ರೂಟರ್, ಅಂದರೆ ಬಂದ ಸಂಪರ್ಕವನ್ನು ಮನೆಯ ಸಾಧನಗಳಿಗೆ ಹಂಚುವ ಪೆಟ್ಟಿಗೆ. ಇನ್ನೂ ದೂರವಾಣಿಯ ತಾಮ್ರದ ತಂತಿಯೇ ಇದ್ದರೆ ಈ ಲೇಖನವನ್ನು ಇಲ್ಲಿಗೇ ನಿಲ್ಲಿಸಿ ಫೈಬರ್ ಸಂಪರ್ಕಕ್ಕೆ ಅರ್ಜಿ ಹಾಕಿ. ಆ ತಂತಿಯಲ್ಲಿ ಸಾಮಾನ್ಯವಾಗಿ ಬಳಸುವ ಎಡಿಎಸ್ಎಲ್ 2+ ಎಂಬ ತಂತ್ರಜ್ಞಾನದ ಗರಿಷ್ಠ ಮಿತಿ 24 ಎಂಬಿಪಿಎಸ್. ಎಕ್ಸ್‌ಚೇಂಜ್ ದೂರವಾದಷ್ಟೂ ಅದು ಇಳಿಯುತ್ತದೆ, ಹೊಸ ಮೋಡೆಮ್ ತಂದರೂ ಏರುವುದಿಲ್ಲ.

ಬಿಲ್ಲು ತೆಗೆದು ನೋಡಿ

ಪ್ಲಾನಿನ ವೇಗ ಎಷ್ಟು, ತಿಂಗಳ ಡೇಟಾ ಮಿತಿ ಎಷ್ಟು, ಈಗಾಗಲೇ ಎಷ್ಟು ಖರ್ಚಾಗಿದೆ ಎಂಬುದನ್ನು ಕಂಪನಿಯ ಆ್ಯಪ್‌ನಲ್ಲಿ ನೋಡಿಕೊಳ್ಳಿ. ಮಿತಿ ದಾಟಿದ ಮೇಲೆ ವೇಗ 2 ಅಥವಾ 4 ಎಂಬಿಪಿಎಸ್‌ಗೆ ಇಳಿಯುವ ಪ್ಲಾನುಗಳಿವೆ. 2 ಎಂಬಿಪಿಎಸ್ ಇದ್ದರೂ ಕಾಗದದ ಮೇಲೆ ಅದು ಬ್ರಾಡ್‌ಬ್ಯಾಂಡೇ, ಏಕೆಂದರೆ 2023ರ ಜನವರಿಯಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆ ನಿಗದಿಪಡಿಸಿದ ಕನಿಷ್ಠ ವೇಗ ಅಷ್ಟೇ. ಅದಕ್ಕೆ ಮೊದಲು 512 ಕೆಬಿಪಿಎಸ್, ಅಂದರೆ ಸುಮಾರು ಅರ್ಧ ಎಂಬಿಪಿಎಸ್ ಇತ್ತು. ಇಪ್ಪತ್ತನೆಯ ತಾರೀಕಿನ ನಂತರ ಮಾತ್ರ ನಿಮ್ಮ ನೆಟ್ ನಿಧಾನವಾಗುತ್ತಿದ್ದರೆ ಅನುಮಾನಪಡಬೇಕಾದದ್ದು ಮೋಡೆಮನ್ನಲ್ಲ. ಕಡತ ಇಳಿಸಿಕೊಳ್ಳುವಾಗ ಕಂಪ್ಯೂಟರ್ ತೋರಿಸುವ ಅಂಕಿ ಸಾಮಾನ್ಯವಾಗಿ ಮೆಗಾಬೈಟ್ ಲೆಕ್ಕದ್ದು, ಎಂಬಿಪಿಎಸ್ ಮೆಗಾಬಿಟ್ ಲೆಕ್ಕದ್ದು, ಎಂಟು ಬಿಟ್ ಸೇರಿದರೆ ಒಂದು ಬೈಟ್ ಎಂಬುದೂ ನೆನಪಿರಲಿ: 100 ಎಂಬಿಪಿಎಸ್ ಪ್ಲಾನಿನಲ್ಲಿ ಅದು ಸೆಕೆಂಡಿಗೆ 12.5 ದಾಟುವುದಿಲ್ಲ, ದಾಟಬೇಕಾಗಿಯೂ ಇಲ್ಲ.

ತಂತಿಯ ಪರೀಕ್ಷೆ

ಜನ ಎಡವುವುದು ಇಲ್ಲಿ. ಮಲಗುವ ಕೋಣೆಯಲ್ಲಿ ಮೊಬೈಲ್ ಹಿಡಿದು ಸ್ಪೀಡ್ ಟೆಸ್ಟ್ ಮಾಡಿ, ಬಂದ ಅಂಕಿಯನ್ನು ಮೋಡೆಮಿನ ಯೋಗ್ಯತೆ ಎಂದು ತೀರ್ಮಾನಿಸುತ್ತಾರೆ. ಆ ಅಂಕಿಯಲ್ಲಿ ಕಂಪನಿಯ ಲೈನು, ಪೆಟ್ಟಿಗೆ, ನಡುವಿನ ಗೋಡೆ, ಪಕ್ಕದ ಮನೆಯ ವೈಫೈ, ಮೊಬೈಲಿನ ವಯಸ್ಸು ಎಲ್ಲವೂ ಕಲಸಿಹೋಗಿರುತ್ತವೆ. ಅವನ್ನು ಬಿಡಿಸಿ ನೋಡಬೇಕಾದರೆ ಲ್ಯಾಪ್‌ಟಾಪನ್ನು ಪೆಟ್ಟಿಗೆಗೆ ತಂತಿಯಿಂದಲೇ ಜೋಡಿಸಬೇಕು.

ಮೊದಲಿಗೆ ಕೇಬಲ್ ಸರಿಯಾದದ್ದಿರಬೇಕು. ಹೊದಿಕೆಯ ಮೇಲೆ ಕ್ಯಾಟ್ 5ಇ ಅಥವಾ ಕ್ಯಾಟ್ 6 ಎಂದು ಅಚ್ಚಾಗಿರುವ, ಒಂದೆರಡು ಮೀಟರ್ ಉದ್ದದ ತುಂಡು ಸಾಕು. ಅದರ ಪಾರದರ್ಶಕ ತುದಿಯನ್ನು ಬೆಳಕಿಗೆ ಹಿಡಿದು ಬಣ್ಣದ ಎಳೆಗಳನ್ನು ಎಣಿಸಿ, ಎಂಟು ಇರಬೇಕು. 100 ಎಂಬಿಪಿಎಸ್ ಸಂಪರ್ಕಕ್ಕೆ ನಾಲ್ಕೇ ಎಳೆ ಸಾಕಾಗುವುದರಿಂದ, ಅಗ್ಗದ ರೂಟರುಗಳ ಜೊತೆ ಉಚಿತವಾಗಿ ಬರುವ ಕೆಲವು ಕೇಬಲ್‌ಗಳಲ್ಲಿ ನಾಲ್ಕನ್ನು ಮಾತ್ರ ಹಾಕಿರುತ್ತಾರೆ. ಗಿಗಾಬಿಟ್, ಅಂದರೆ 1000 ಎಂಬಿಪಿಎಸ್ ಸಂಪರ್ಕಕ್ಕೆ ಎಂಟೂ ಬೇಕು. ಲ್ಯಾಪ್‌ಟಾಪಿನಲ್ಲಿ ಲ್ಯಾನ್ ತೂತು ಇಲ್ಲದಿದ್ದರೆ ಯುಎಸ್‌ಬಿ ಅಡಾಪ್ಟರ್ ಬೇಕಾಗುತ್ತದೆ. ಅದು ಯುಎಸ್‌ಬಿ 3ರ, ಗಿಗಾಬಿಟ್ ಎಂದು ಬರೆದಿರುವ ಅಡಾಪ್ಟರೇ ಆಗಿರಲಿ. ಇನ್ನೂರು ರೂಪಾಯಿಯ ಹಳೆಯ ಮಾದರಿಗಳು ತಾವೇ 100ಕ್ಕೆ ನಿಂತುಬಿಡುತ್ತವೆ.

ಕೇಬಲನ್ನು ಸಿಕ್ಕಿಸುವುದು ಯಾವ ತೂತಿಗೆ ಎಂಬುದೂ ಮುಖ್ಯ. ಕಂಪನಿಗಳು ಕೊಡುವ ಅನೇಕ ಓಎನ್‌ಟಿಗಳಲ್ಲಿ ಒಂದೇ ಒಂದು ತೂತು ಗಿಗಾಬಿಟ್‌ನದಾಗಿದ್ದು, ಉಳಿದವು 100 ಎಂಬಿಪಿಎಸ್‌ನವಾಗಿರುತ್ತವೆ. ಗಿಗಾಬಿಟ್ ತೂತಿನ ಪಕ್ಕದಲ್ಲಿ ಜಿಇ ಎಂದಿರುತ್ತದೆ, ಅಥವಾ ತೂತಿಗೆ ಬೇರೆ ಬಣ್ಣವಿರುತ್ತದೆ. ಗೊತ್ತಾಗದಿದ್ದರೆ ಒಂದೊಂದನ್ನೂ ಪ್ರಯತ್ನಿಸಿ.

ಈಗ ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ. ಇದನ್ನು ಹತ್ತರಲ್ಲಿ ಎಂಟು ಮಂದಿ ಮರೆಯುತ್ತಾರೆ. ತಂತಿ ಸಿಕ್ಕಿಸಿದ್ದರೂ ಪರೀಕ್ಷೆ ಗಾಳಿಯಲ್ಲೇ ನಡೆದಿರಬಹುದು. ಮನೆಯವರ ಮೊಬೈಲುಗಳನ್ನು ವೈಫೈಯಿಂದ ಬಿಡಿಸಿ, ಟಿವಿಯನ್ನು ನಿಲ್ಲಿಸಿ, ಲ್ಯಾಪ್‌ಟಾಪಿನಲ್ಲಿ ವಿಪಿಎನ್ ಅಥವಾ ಫೋಟೊಗಳ ಬ್ಯಾಕಪ್ ಓಡುತ್ತಿದ್ದರೆ ಅದನ್ನೂ ತಡೆಯಿರಿ. ಸ್ಪೀಡ್ ಟೆಸ್ಟ್ ತೆರೆಯುವ ಮುಂಚೆ ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ವಿಭಾಗಕ್ಕೆ ಹೋಗಿ, ಈಥರ್‌ನೆಟ್ ಎಂಬಲ್ಲಿ ಲಿಂಕ್ ಸ್ಪೀಡ್ ನೋಡಿ. ಅಲ್ಲಿ 1000/1000 ಎಂದಿದ್ದರೆ ದಾರಿ ಅಗಲವಾಗಿದೆ. 100/100 ಎಂದಿದ್ದರೆ ಕೇಬಲ್, ತೂತು, ಅಡಾಪ್ಟರ್ ಈ ಮೂರರಲ್ಲಿ ಒಂದು ದಾರಿಯನ್ನು ಕಿರಿದಾಗಿಸಿದೆ.

ನಾನೇ ಈ ಬಲೆಗೆ ಬಿದ್ದಿದ್ದೆ. 200ರ ಪ್ಲಾನಿದ್ದರೂ ನಮ್ಮ ಮನೆಯಲ್ಲಿ ನಾಲ್ಕು ತಿಂಗಳು 94ರ ಮೇಲೆ ಹೋಗಲಿಲ್ಲ. ಲೈನ್ ನೋಡಿಕೊಳ್ಳುವ ಹುಡುಗನನ್ನು ಮೂರು ಸಲ ಕರೆಸಿ ಬೈದದ್ದೂ ಆಯಿತು, ಅವನು ಪಾಪ ಪ್ರತಿ ಸಲವೂ ತನ್ನ ಲ್ಯಾಪ್‌ಟಾಪಿನಲ್ಲಿ 200 ತೋರಿಸಿ ಹೋಗುತ್ತಿದ್ದ. ಕೊನೆಗೆ ನೋಡಿದರೆ ಮೇಜಿನ ಕಾಲು ನನ್ನ ಕೇಬಲ್ಲಿನ ಮೇಲೆಯೇ ಕೂತಿತ್ತು. ಎಂಟರಲ್ಲಿ ಕಂದು ಬಣ್ಣದ ಒಂದೆಳೆ ಒಳಗೇ ತುಂಡಾಗಿತ್ತು. ಎಳೆಯೊಂದು ಹೋದರೆ ಗಿಗಾಬಿಟ್ ಸಂಪರ್ಕ ಪೂರ್ತಿ ಕಡಿದುಹೋಗದೆ ಸದ್ದಿಲ್ಲದೆ 100ಕ್ಕೆ ಇಳಿಯಬಹುದು, ಆದ್ದರಿಂದ ಅನುಮಾನವೇ ಬರುವುದಿಲ್ಲ. ನೂರೈವತ್ತು ರೂಪಾಯಿಯ ಕೇಬಲ್ ಹಾಕಿದ ಕೂಡಲೇ 196 ಬಂತು. ಸ್ಪೀಡ್ ಟೆಸ್ಟ್ ಪದೇ ಪದೇ 93, 94, 95ರಲ್ಲೇ ಗೂಟ ಹೊಡೆದಂತೆ ನಿಂತರೆ ಅದನ್ನು ಈ ರೋಗದ ಗುರುತೆಂದೇ ತಿಳಿಯಿರಿ.

ಪರೀಕ್ಷೆಯನ್ನು ಬೆಳಿಗ್ಗೆ ಆರೇಳಕ್ಕೆ, ಮಧ್ಯಾಹ್ನ, ರಾತ್ರಿ ಒಂಬತ್ತಕ್ಕೆ, ಪ್ರತಿ ಸಲ ಮೂರು ಬಾರಿಯಂತೆ ಮಾಡಿ, ಹತ್ತಿರದ ಸರ್ವರನ್ನೇ ಆರಿಸಿ, ಅಂಕಿಗಳನ್ನು ಕಾಗದದ ಮೇಲೆ ಬರೆದಿಡಿ.

ಅಂಕಿಗಳು ಹೇಳುವುದೇನು?

ತಂತಿಯಲ್ಲಿ ಪ್ಲಾನಿನ ವೇಗ ಪೂರ್ತಿ ಬಂದರೆ ಕಂಪನಿಯ ಮೇಲೆ ದೂರು ಹೇಳುವಂತಿಲ್ಲ; ನಿಮ್ಮ ತೊಂದರೆ ವೈಫೈಯದು. ಲೋಪವಿಲ್ಲದ ಕೇಬಲ್ ಹಾಕಿದರೂ ಎಲ್ಲ ತೂತುಗಳಲ್ಲಿ 95ಕ್ಕೇ ನಿಂತು, ಪ್ಲಾನು ಅದಕ್ಕಿಂತ ದೊಡ್ಡದಾಗಿದ್ದರೆ ಪೆಟ್ಟಿಗೆಯನ್ನು ಬದಲಿಸಲೇಬೇಕು.

ತಂತಿಯಲ್ಲೂ ವೇಗ ಕಡಿಮೆಯಿದ್ದು, ಬೆಳಿಗ್ಗೆ ಚೆನ್ನಾಗಿದ್ದು ರಾತ್ರಿ ಕುಸಿಯುತ್ತಿದ್ದರೆ ಅದು ದಟ್ಟಣೆ. ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಜಿಪಾನ್ ಎಂಬ ಫೈಬರ್ ವ್ಯವಸ್ಥೆಯಲ್ಲಿ ಒಂದು ಎಳೆಯಲ್ಲಿ ಬರುವ ಸುಮಾರು 2.5 ಗಿಗಾಬಿಟ್ ವೇಗವನ್ನು 32 ಅಥವಾ 64 ಮನೆಗಳು ಹಂಚಿಕೊಳ್ಳುತ್ತವೆ. ಅದರಾಚೆ ಕಂಪನಿ ಹೊರಗಿನಿಂದ ತಂದುಕೊಂಡಿರುವ ಸಾಮರ್ಥ್ಯವೂ ಕಡಿಮೆ ಬೀಳಬಹುದು. ನಿಮ್ಮ ಮನೆಯ ಪೆಟ್ಟಿಗೆ ಎಷ್ಟೇ ಹೊಸದಾದರೂ ಇದಕ್ಕೆ ಮದ್ದಿಲ್ಲ. ಬರೆದಿಟ್ಟ ಅಂಕಿಗಳನ್ನು ತೋರಿಸಿ ದೂರು ಕೊಡಿ, ಸರಿಹೋಗದಿದ್ದರೆ ಕಂಪನಿಯನ್ನೇ ಬದಲಿಸಿ.

ಮೂರು ಹೊತ್ತೂ ಕಡಿಮೆಯಿದ್ದರೆ ಫೈಬರ್ ಎಳೆಯನ್ನು ಗಮನಿಸಿ. ಎಲ್ಓಎಸ್ ಎಂಬ ದೀಪ ಕೆಂಪಾಗಿ ಮಿನುಗಿದರೆ ಬೆಳಕು ಬರುತ್ತಿಲ್ಲ ಅಥವಾ ತೀರ ಕ್ಷೀಣವಾಗಿದೆ ಎಂದು ಅರ್ಥ. ಲೈನಿನ ಹುಡುಗ ಬಂದಾಗ ಎಳೆಯಲ್ಲಿ ಬರುವ ಬೆಳಕಿನ ಬಲವನ್ನು ಪವರ್ ಮೀಟರ್ ಹಿಡಿದು ಅಳೆಯಲು ಹೇಳಿ. ಅದರ ಅಳತೆ ಡಿಬಿಎಂ. ಮೈನಸ್ 27 ಡಿಬಿಎಂ ಎಂಬುದು ಸಾಮಾನ್ಯ ಜಿಪಾನ್ ಪೆಟ್ಟಿಗೆಗಳ ಕೆಳಮಿತಿ, ಮೈನಸ್ 20ರ ಆಸುಪಾಸಿನಲ್ಲಿದ್ದರೆ ನೆಮ್ಮದಿ. ಬೀರುವಿನ ಹಿಂದೆ ಎಳೆ ಮಡಿಚಿಕೊಂಡಿರುವುದು, ಇಲಿ ಕಡಿದಿರುವುದು, ಮಲೆನಾಡಿನಲ್ಲಾದರೆ ಅಡಿಕೆ ಸೋಗೆ ಬಿದ್ದು ಜಗ್ಗಿರುವುದು ಇವೆಲ್ಲ ಸಾಮಾನ್ಯ ಕಾರಣಗಳು. ಬಿಚ್ಚಿದ ಎಳೆಯ ತುದಿಯನ್ನು ಕಣ್ಣಿಗೆ ಹಿಡಿದು ನೋಡಲೇಬಾರದು. ಅದರ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಹಾನಿ ಮಾಡಬಲ್ಲದು.

ಗಾಳಿಯಲ್ಲಿ ಕಳೆದುಹೋಗುವ ವೇಗ

ಹಳೆಯ ಪೆಟ್ಟಿಗೆಗಳ ಮೇಲಿನ 300 ಎಂಬ ಅಂಕಿ ಪ್ರಯೋಗಾಲಯದ ಲೆಕ್ಕ. ಅವು 2.4 ಗಿಗಾಹರ್ಟ್ಸ್ ತರಂಗವನ್ನು ಮಾತ್ರ ಬಳಸುತ್ತವೆ. ಅದರಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು 1, 6, 11 ಈ ಮೂರೇ. ಇಪ್ಪತ್ತು ಮನೆಗಳ ವೈಫೈ ಹೆಸರು ಕಾಣುವ ಅಪಾರ್ಟ್‌ಮೆಂಟಿನಲ್ಲಿ ಅವೆಲ್ಲ ಈ ಮೂರರಲ್ಲೇ ಗುದ್ದಾಡುವುದರಿಂದ ಕೈಗೆ ಸಿಗುವುದು ಐವತ್ತೋ ಅರವತ್ತೋ. 5 ಗಿಗಾಹರ್ಟ್ಸ್ ಇರುವ ಪೆಟ್ಟಿಗೆಯಾದರೆ ಎರಡು ಮೀಟರ್ ದೂರದಲ್ಲಿ ಮೊಬೈಲ್ ಹಿಡಿದು ಆ ಸಂಪರ್ಕದಲ್ಲೇ ಅಳೆಯಿರಿ. ಅಲ್ಲಿ ಪೂರ್ತಿ ವೇಗ ಬಂದು ಕೋಣೆಯಲ್ಲಿ ಬಾರದಿದ್ದರೆ ಪೆಟ್ಟಿಗೆಯ ಜಾಗ ತಪ್ಪಾಗಿದೆ. ಟಿವಿಯ ಬೆನ್ನಿಗೆ, ಕಬ್ಬಿಣದ ಬೀರುವಿನ ಮೇಲೆ, ಶೋಕೇಸಿನ ಒಳಗೆ ಇಟ್ಟವರು ಮೊದಲು ಅದನ್ನು ಹೊರಗೆ ತೆಗೆದು ಎದೆಯೆತ್ತರಕ್ಕೆ ಇಡಲಿ. ಕರಾವಳಿಯ ಮುರಕಲ್ಲಿನ ದಪ್ಪ ಗೋಡೆಗಳನ್ನು ದಾಟುವುದು ಯಾವ ಆಂಟೆನಾಗೂ ಸುಲಭವಲ್ಲ.

ಪೆಟ್ಟಿಗೆಯ ವೈಫೈ ಸೆಟ್ಟಿಂಗ್ಸ್‌ನ ಭದ್ರತಾ ಆಯ್ಕೆಯಲ್ಲಿ ಟಿಕೆಐಪಿ ಎಂದಿದ್ದರೆ ಅದನ್ನು ಡಬ್ಲ್ಯೂಪಿಎ2 ಎಇಎಸ್‌ಗೆ ಬದಲಿಸಿ. ಹಳೆಯ ಆ ಪದ್ಧತಿಯಲ್ಲಿ ವೈಫೈ 54 ಎಂಬಿಪಿಎಸ್‌ಗೆ ಸೀಮಿತವಾಗುತ್ತದೆ.

ವೈಫೈಯನ್ನು ದೂರದ ಕೋಣೆಗೆ ದಾಟಿಸಲೆಂದು ಗೋಡೆಗೆ ಸಿಕ್ಕಿಸುವ ಅಗ್ಗದ ರಿಪೀಟರ್‌ಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ಒಂದೇ ರೇಡಿಯೊದಲ್ಲಿ ಕೇಳಿಸಿಕೊಂಡದ್ದನ್ನು ಮತ್ತೆ ಹೇಳಬೇಕಾದ ಕಾರಣ ಅವು ವೇಗವನ್ನು ಅರ್ಧಕ್ಕೆ ಇಳಿಸುತ್ತವೆ. ಗೋಡೆಯಂಚಿನಲ್ಲಿ ಒಂದು ಲ್ಯಾನ್ ಕೇಬಲ್ ಎಳೆಸಿ ಆ ತುದಿಗೆ ಎರಡನೆಯ ಪೆಟ್ಟಿಗೆ ಇಡುವುದೇ ಸರಿಯಾದ ಕೆಲಸ.

ಬದಲಿಸಲೇಬೇಕೆಂದಾದರೆ

ಪೆಟ್ಟಿಗೆ ದಿನಕ್ಕೆರಡು ಸಲ ತಾನಾಗಿ ಆರಿ ಹೊತ್ತಿಕೊಳ್ಳುತ್ತಿದ್ದರೆ ಮೊದಲು ಅದರ ಅಡಾಪ್ಟರನ್ನು ಬದಲಿಸಿ ನೋಡಿ. ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬೇಕು. ಅದರಿಂದಲೂ ಸರಿಹೋಗದಿದ್ದರೆ, 5 ಗಿಗಾಹರ್ಟ್ಸ್ ಇಲ್ಲದಿದ್ದರೆ, ಅಥವಾ ತಯಾರಕರು ಸಾಫ್ಟ್‌ವೇರ್ ನವೀಕರಣವನ್ನು ನಿಲ್ಲಿಸಿಬಿಟ್ಟಿದ್ದರೆ ಹೊಸದಕ್ಕೆ ಕೈ ಹಾಕಬಹುದು.

ಅಂಗಡಿಗೆ ಹೋಗುವ ಮೊದಲು ಕಂಪನಿಗೆ ಕರೆ ಮಾಡಿ. ಓಎನ್‌ಟಿ ಅವರದ್ದಾಗಿದ್ದರೆ ಪುಕ್ಕಟೆಯಾಗಿ ಬದಲಿಸಿಕೊಡುವುದೂ ಉಂಟು. ಓಎನ್‌ಟಿಯನ್ನು ಸಾಮಾನ್ಯವಾಗಿ ಅದರ ಕ್ರಮಸಂಖ್ಯೆಯಿಂದ ಕಂಪನಿಯ ಯಂತ್ರದಲ್ಲಿ ನೋಂದಾಯಿಸಿರುತ್ತಾರೆ, ಹಾಗಾಗಿ ನೀವೇ ಕೊಂಡು ತಂದದ್ದು ಅವರು ಸೇರಿಸಿಕೊಳ್ಳುವವರೆಗೆ ಕೆಲಸ ಮಾಡುವುದಿಲ್ಲ. ಕಂಪನಿಯ ಓಎನ್‌ಟಿಯನ್ನು ಹಾಗೆಯೇ ಬಿಟ್ಟು ಅದರ ಗಿಗಾಬಿಟ್ ತೂತಿಗೆ ಹೊಸ ರೂಟರ್ ಜೋಡಿಸಿ, ಹಳೆಯದರ ವೈಫೈ ಆಫ್ ಮಾಡುವುದು ನನ್ನ ಸಲಹೆ. ಕೊಳ್ಳುವುದಾದರೆ ವೈಫೈ 6ರ ಮಾದರಿಯನ್ನು ಕೊಳ್ಳಿ, ಎಲ್ಲ ತೂತುಗಳೂ ಗಿಗಾಬಿಟ್ ಎಂಬುದನ್ನು ಪೆಟ್ಟಿಗೆಯ ಬದಿಯ ಸಣ್ಣ ಅಕ್ಷರಗಳಲ್ಲಿ ಓದಿ ಖಚಿತಪಡಿಸಿಕೊಳ್ಳಿ. ಮುಂದೆ 1200 ಎಂದು ಮೆರೆಯುತ್ತ ಹಿಂದೆ 100ರ ತೂತುಗಳನ್ನು ಇಟ್ಟುಕೊಂಡ ರೂಟರುಗಳು ಇಂದಿಗೂ ಮಾರಾಟವಾಗುತ್ತಿವೆ. ಆಂಟೆನಾ ಎಣಿಸಬೇಡಿ.

ಬದಲಿಸುವ ದಿನ ಸೂಜಿ ಹಾಕಿ ಹಳೆಯ ಪೆಟ್ಟಿಗೆಯ ರೀಸೆಟ್ ಒತ್ತುವುದೇ ದೊಡ್ಡ ಅನಾಹುತ. ಪೆಟ್ಟಿಗೆಯೇ ಕಂಪನಿಗೆ ಲಾಗಿನ್ ಆಗುವ ಪಿಪಿಪಿಒಇ ಎಂಬ ಪದ್ಧತಿಯ ಸಂಪರ್ಕವಾದರೆ ಯೂಸರ್ ನೇಮ್, ಪಾಸ್‌ವರ್ಡ್, ವಿಲ್ಯಾನ್ ಸಂಖ್ಯೆ ಎಲ್ಲವೂ ಅದರೊಂದಿಗೆ ಅಳಿಸಿಹೋಗುತ್ತವೆ. ಶನಿವಾರ ಸಂಜೆ ಒತ್ತಿದವರಿಗೆ ಸೋಮವಾರದವರೆಗೆ ನೆಟ್ ಇರುವುದಿಲ್ಲ. ಮೊದಲೇ ಪೆಟ್ಟಿಗೆಯ ಸೆಟ್ಟಿಂಗ್ಸ್‌ನಲ್ಲಿ ಇವು ಕಾಣುವ ಪುಟದ ಫೋಟೊ ತೆಗೆದಿಟ್ಟುಕೊಳ್ಳಿ, ಪಾಸ್‌ವರ್ಡ್ ಚುಕ್ಕೆಗಳಾಗಿ ಕಂಡರೆ ಕಂಪನಿಯಿಂದ ಕೇಳಿ ಬರೆದುಕೊಳ್ಳಿ. ಹೊಸ ವೈಫೈಗೆ ಹಳೆಯ ಹೆಸರು, ಹಳೆಯ ಪಾಸ್‌ವರ್ಡನ್ನೇ ಇಟ್ಟರೆ ಟಿವಿ, ಕ್ಯಾಮೆರಾ, ಅಜ್ಜಿಯ ಟ್ಯಾಬ್ ಎಲ್ಲವೂ ತಾವಾಗಿಯೇ ಸೇರಿಕೊಳ್ಳುತ್ತವೆ.

ಹೊಸದು ಕೂತ ಮೇಲೆ ಅದೇ ಕೇಬಲ್, ಅದೇ ಮೂರು ಹೊತ್ತು, ಅದೇ ಕಾಗದ ಹಿಡಿದು ಇನ್ನೊಮ್ಮೆ ಅಳೆಯಿರಿ. ಅಂಗಡಿಯವರು ವಾಪಸು ಪಡೆಯುವ ಅವಧಿ ಮುಗಿಯುವುದರೊಳಗೆ ಇದು ಆಗಬೇಕು. ಅಲ್ಲಿಯವರೆಗೆ ಹೊಸದರ ರಟ್ಟಿನ ಪೆಟ್ಟಿಗೆಯನ್ನು ಹರಿಯಬೇಡಿ, ಹಳೆಯ ರೂಟರನ್ನು ಗುಜರಿಗೆ ಹಾಕಬೇಡಿ.